ಹ್ಯೂಯೆನ್‌ತ್ಸಾಂಗನ ದಾರಿಯ ಎಡರುಗಳು

ಚಾಳುಕ್ಯ ಚಕ್ರವರ್ತಿಯಾದ ಇಮ್ಮಡಿ ಪುಲಕೇಶಿಯನ್ನೂ ಆತನ ಪ್ರಜೆಗಳನ್ನೂ ಕುರಿತು ಚೀನದೇಶದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಬರೆದಿಟ್ಟ ಮಾತುಗಳು ಕನ್ನಡಿಗರಿಗೆ ಚಿರಪರಿಚಿತವಾದುವು. ಆದರೆ ಅವನು ಎಷ್ಟು ಬಾರಿ ದಾರಿ ತಪ್ಪಿ, ಎಷ್ಟು ಬಾರಿ ಪ್ರಾಣವನ್ನು ಕೈಯಲ್ಲಿ ಹಿಡಿದು ಈ ನೆಲಕ್ಕೆ ಬಂದನೆಂಬುದನ್ನು ನೆನೆಯುವವರು ಕಡಮೆ. ಇದಕ್ಕೆ ಅವನೇ ಒಂದು ಕಾರಣ. ಅವನ ಪ್ರವಾಸಗ್ರಂಥವು ದೇಶಗಳ ಸುತ್ತಳತೆ, ಬೆಳೆ, ವಿಹಾರಗಳ ಸಂಖ್ಯೆ ಇವುಗಳನ್ನು ಹೇಳುವುದೇ ಹೊರತು ತನ್ನ ಕಷ್ಟವನ್ನು ತೋಡಿಕೊಳ್ಳುವುದಿಲ್ಲ. ಆ ಭಾಗವು ಉಳಿದುಬಂದಿರುವುದು ಶಿಷ್ಯನಾದ ಹ್ವೀಲಿಯು ಬರೆದ ಜೀವನಚರಿತ್ರೆಯಲ್ಲಿ. ಶಿಷ್ಯನ ಭಕ್ತಿಯು ಅಲ್ಲಲ್ಲಿ ಪವಾಡಗಳನ್ನು ಸೇರಿಸಿರುವುದು ನಿಜ. ಆದರೆ ನೀರಿನ ಚೀಲವು ಗುರುವಿನ ಕೈಜಾರಿತೆಂಬಂಥ ಮಾತನ್ನು ಯಾವ ಭಕ್ತನೂ ಕಟ್ಟಿ ಹೇಳುವುದಿಲ್ಲ.

ಹ್ಯೂಯೆನ್‌ತ್ಸಾಂಗನು ಚಾಂಗಾನ್ ನಗರವನ್ನು ಬಿಟ್ಟುದು ಕ್ರಿ. ಶ. ೬೨೯ರಲ್ಲಿ, ಕೆಲವರ ಎಣಿಕೆಯಂತೆ ೬೨೭ರಲ್ಲಿ. ಅಪ್ಪಣೆಯಿಲ್ಲದೆ ಗಡಿಯನ್ನು ದಾಟಕೂಡದೆಂದು ರಾಜಾಜ್ಞೆಯಿದ್ದಿತು. ಆದುದರಿಂದ ಹಗಲು ಅಡಗಿ ಇರುಳು ನಡೆದು ಅವನು ಕ್ವಾಚೌ ಎಂಬ ಗಡಿನಗರವನ್ನು ಸೇರಿದನು. ಅಲ್ಲಿ ಅವನ ಕುದುರೆ ಸತ್ತಿತು. ಇದ್ದ ಇಬ್ಬರು ಸಂಗಡಿಗರಲ್ಲಿ ಒಬ್ಬನು ಬೇರೆಡೆಗೆ ಹೊರಟುಹೋದನು. ದೂರಪ್ರಯಾಣವನ್ನು ತಾಳಲಾರದ ಇನ್ನೊಬ್ಬನನ್ನು ಅವನೇ ಹಿಂದಕ್ಕೆ ಕಳುಹಿದನು. ಹೀಗಿರಲು ಅವನನ್ನು ಸೆರೆಹಿಡಿಯಬೇಕೆಂಬ ಓಲೆಯೂ ಬಂದಿತು. ಅದನ್ನು ಕೈಯಲ್ಲಿ ಹಿಡಿದು ಬಂದ ಅಧಿಕಾರಿಯು ಭಿಕ್ಷುವಿನಿಂದ ನಿಜವನ್ನು ಕೇಳಿ ತಿಳಿದು, ಅವನೆದುರಿಗೇ ಓಲೆಯನ್ನು ಹರಿದು, ಬೇಗನೆ ಹೊರಡಿರೆಂದು ಹೇಳಿದನು.

ಆಗ ದಾರಿ ತೋರಿಸುವೆನೆಂದು ಅನ್ಯದೇಶೀಯನೊಬ್ಬನು ಮುಂದೆ ಬಂದನು. ಅವನು ಕರೆತಂದ ಮುದುಕನ ಬಳಿ ಬಡಕಲಾದ ಕೆಂಪು ಮುದಿಗುದುರೆಯೊಂದಿದ್ದಿತು. ಅದು ಮರುಭೂಮಿಯ ಆಚೆಯ ಹಾಮಿ ನಗರಕ್ಕೆ ಹದಿನೈದು ಸಲ ಹೋಗಿಬಂದ ಪ್ರಾಣಿಯೆಂದು ಮುದುಕನು ಹೇಳಲು, ಹ್ಯೂಯೆನ್‌ತ್ಸಾಂಗನು ತಾನು ಹೊಸದಾಗಿ ಕೊಂಡಿದ್ದ ಕುದುರೆಯನ್ನು ಕೊಟ್ಟು ಅದನ್ನು ತೆಗೆದುಕೊಂಡನು. ನೋಡಿದವರಿಗೆ ಇದು ನಷ್ಟದ ವ್ಯಾಪಾರವೆಂದೇ ತೋರಿರಬೇಕು. ಮಾರ್ಗದರ್ಶಿಯೋ, ನದಿಯನ್ನು ದಾಟಿದ ರಾತ್ರಿಯೇ ಕತ್ತಿಯನ್ನು ಹಿರಿದು ಮಲಗಿದ್ದ ಭಿಕ್ಷುವಿನ ಕಡೆಗೆ ನಾಲ್ಕು ಹೆಜ್ಜೆ ಬಂದು, ಏನು ತೋಚಿತೋ, ಹಿಂದಿರುಗಿದನು. ಮರುದಿನ ಸಂಸಾರದ ಚಿಂತೆಯನ್ನೂ ರಾಜದಂಡದ ಭಯವನ್ನೂ ಹೇಳಿಕೊಂಡು ಬೀಳ್ಕೊಂಡನು. ಅವನ ಮೇಲೆ ಹ್ಯೂಯೆನ್‌ತ್ಸಾಂಗನು ಕೋಪಿಸಿಕೊಳ್ಳಲಿಲ್ಲ. ಕೃತಜ್ಞತೆಯಿಂದ ಒಂದು ಕುದುರೆಯನ್ನು ಕೊಟ್ಟೇ ಕಳುಹಿದನು.

ಮುಂದೆ ಐದು ಕಾವಲುಗೋಪುರಗಳು; ನೀರಿರುವುದು ಅವುಗಳ ಬುಡದಲ್ಲಿ ಮಾತ್ರ. ಮೊದಲನೆಯದರ ಬಳಿ ಕತ್ತಲಲ್ಲಿ ನೀರು ತುಂಬುತ್ತಿದ್ದಾಗ ಬಾಣಗಳು ಮೊಣಕಾಲನ್ನು ಸವರುವಂತೆ ಹಾಯ್ದುವು. ಭಿಕ್ಷುವು ಕೂಗಿ ತನ್ನ ಗುರುತನ್ನು ಹೇಳಿದನು. ಅಲ್ಲಿಯ ನಾಯಕನು ಬೌದ್ಧನಾಗಿದ್ದುದು ಭಾಗ್ಯ. ಅವನ ನೆರವಿನಿಂದ ನಾಲ್ಕನೆಯ ಗೋಪುರವನ್ನು ಮುಟ್ಟಿದ ಮೇಲೆ, ಐದನೆಯದರ ಕಾವಲುಗಾರರು ಒರಟರೆಂದೂ ಅದನ್ನು ಬಳಸಿಕೊಂಡು ಹೋದರೆ ನೂರು ಲೀ ದೂರದಲ್ಲಿ ‘ಕಾಡುಕುದುರೆಯ ಚಿಲುಮೆ’ ಸಿಕ್ಕುವುದೆಂದೂ ಅಲ್ಲಿಯವರು ತಿಳಿಸಿದರು. ದೊಡ್ಡದೊಂದು ತೊಗಲಿನ ಚೀಲದಲ್ಲಿ ನೀರನ್ನೂ ತುಂಬಿಕೊಟ್ಟರು.

ಮೂರು ಲೀಗಳೆಂದರೆ ಸುಮಾರು ಒಂದು ಮೈಲಿ. ಆ ಮರುಭೂಮಿಯೋ ಎಂಟುನೂರು ಲೀ. ಹಕ್ಕಿಯಿಲ್ಲ, ಮೃಗವಿಲ್ಲ, ಹುಲ್ಲಿಲ್ಲ. ನೂರು ಲೀ ನಡೆಯುವಷ್ಟರಲ್ಲಿ ದಾರಿ ತಪ್ಪಿತು, ಚಿಲುಮೆ ಕಾಣಲಿಲ್ಲ. ಬಾಯಾರಿ ಚೀಲವನ್ನು ಇಳಿಸುವಾಗ ಅದರ ಭಾರಕ್ಕೆ ಕೈ ಸೋತು, ನೀರೆಲ್ಲವೂ ಮರಳಿನ ಪಾಲಾಯಿತು. ವಿವೇಕಿಯು ಮಾಡುವುದನ್ನೇ ಅವನೂ ಮಾಡಿದನು: ನಾಲ್ಕನೆಯ ಗೋಪುರದ ಕಡೆಗೆ ತಿರುಗಿದನು. ಹತ್ತು ಲೀ ನಡೆದ ಮೇಲೆ, ಭಾರತವನ್ನು ಕಾಣುವವರೆಗೂ ಮೂಡಲಿಗೆ ಒಂದು ಹೆಜ್ಜೆಯನ್ನೂ ಇಡೆನೆಂದು ತಾನು ಮಾಡಿದ್ದ ಶಪಥವು ನೆನಪಾಯಿತು. ಒಂದಲ್ಲ, ಹತ್ತು ಲೀ ನಡೆದಾಗಿದ್ದಿತು! ಕುದುರೆಯ ಮುಖವನ್ನು ಮತ್ತೆ ವಾಯವ್ಯಕ್ಕೆ ತಿರುಗಿಸಿದನು.

ನಾಲ್ಕು ರಾತ್ರಿ, ಐದು ಹಗಲು ಒಂದು ಹನಿ ನೀರಿಲ್ಲ. ಕುದುರೆಯೂ ಸವಾರನೂ ಮರಳಿನ ಮೇಲೆ ಒರಗಿದರು. ಐದನೆಯ ಇರುಳು ತಂಗಾಳಿ ಬೀಸಿ ಇಬ್ಬರಿಗೂ ಏಳುವಷ್ಟು ಚೇತನ ಬಂದಿತು. ಹತ್ತು ಲೀ ಹೋಗುತ್ತಲೇ ಮುದಿಗುದುರೆಯು ಥಟ್ಟನೆ ಬೇರೆ ದಿಕ್ಕಿಗೆ ಹೊರಳಿತು. ಎಷ್ಟು ಜಗ್ಗಿದರೂ ಬಗ್ಗಲಿಲ್ಲ. ಕೆಲವು ಲೀಗಳಾಚೆ ಹಸುರು ಹುಲ್ಲು, ಅದರ ಪಕ್ಕದಲ್ಲಿ ಸಿಹಿನೀರಿನ ಕೊಳ! ಇದು ಬೋಧಿಸತ್ತ್ವನ ಕರುಣೆಯೆಂದು ಹ್ವೀಲಿಯ ನಂಬುಗೆ. ಹದಿನೈದು ಸಲ ಆ ದಾರಿಯನ್ನು ತುಳಿದಿದ್ದ ಪ್ರಾಣಿಯ ಮೂಗಿಗೂ ಅದರಲ್ಲಿ ಒಂದು ಪಾಲನ್ನು ಕೊಟ್ಟರೆ ತಪ್ಪಾಗದು.

ಹಾಮಿಯನ್ನು ದಾಟಿದ ಬಳಿಕ ಬಂದ ವಿಘ್ನವು ಪ್ರೀತಿಯ ರೂಪದ್ದು. ತುರ್ಫಾನ್ ಪ್ರಾಂತದ ಕೌಚಾಂಗ್ ರಾಜನು ಅವನನ್ನು ತನ್ನಲ್ಲಿಯೇ ಗುರುವಾಗಿ ನಿಲ್ಲಿಸಿಕೊಳ್ಳಬೇಕೆಂದು ಹಟ ಹಿಡಿದನು. ಭಿಕ್ಷುವು ಮೂರು ದಿನ ಅನ್ನೋದಕಗಳನ್ನು ಮುಟ್ಟದೆ ಕುಳಿತನು. ನಾಲ್ಕನೆಯ ದಿನ ಉಸಿರು ಕ್ಷೀಣಿಸಿದುದನ್ನು ಕಂಡು ರಾಜನು ನಾಚಿ ಮಣಿದನು. ಹಿಂದಿರುಗುವಾಗ ಮೂರು ವರ್ಷ ತನ್ನಲ್ಲಿರಬೇಕೆಂದು ಮಾತು ತೆಗೆದುಕೊಂಡು, ಆಳು, ಕುದುರೆ, ಹೊನ್ನುಗಳನ್ನು ಕೊಟ್ಟು ಕಳುಹಿದನು. ಆ ಪರಿವಾರದಲ್ಲಿ ಹತ್ತರಲ್ಲಿ ಮೂರು ನಾಲ್ಕು ಮಂದಿ ತಿಯೆನ್‌ಷಾನ್ ಪರ್ವತದ ಹಿಮದಲ್ಲಿ ಏಳು ದಿನಗಳೊಳಗೆ ಮಡಿದರು.

ಭಾರತದೊಳಗೂ ಎಡರುಗಳಿಗೆ ಕೊರತೆಯಿರಲಿಲ್ಲ. ಅವುಗಳಲ್ಲಿ ಕನ್ನಡಿಗರಿಗೆ ಮುಖ್ಯವಾದುದು ಕಂಚಿಯಲ್ಲಿ ನಡೆದುದು. ಸುಮಾರು ೬೪೦ರಲ್ಲಿ ಹ್ಯೂಯೆನ್‌ತ್ಸಾಂಗನು ಅಲ್ಲಿಗೆ ಬಂದುದು ಹಡಗು ಹತ್ತಿ ಸಿಂಹಳಕ್ಕೆ ಹೋಗಿ, ಅಲ್ಲಿಯ ಪಂಡಿತರಿಂದ ಯೋಗಶಾಸ್ತ್ರವನ್ನು ಕೇಳುವುದಕ್ಕಾಗಿ. ಆದರೆ ಸಿಂಹಳದ ಭಿಕ್ಷುಗಳೇ ಇತ್ತ ಬಂದಿಳಿದರು. ಅಲ್ಲಿ ರಾಜನು ಸತ್ತನೆಂದೂ ಕ್ಷಾಮವು ಹಬ್ಬಿರುವುದೆಂದೂ ಅವರು ಹೇಳಿದರು. ಅವರನ್ನು ಶಾಸ್ತ್ರವಿಚಾರದಲ್ಲಿ ಪ್ರಶ್ನಿಸಿ ನೋಡಲು, ನಾಲಂದೆಯ ಗುರು ಶೀಲಭದ್ರನ ವಿವರಣೆಗಿಂತ ಮಿಗಿಲಾದುದೇನೂ ದೊರೆಯಲಿಲ್ಲ. ಕಡಲಿನ ಆಸೆಯನ್ನು ಬಿಟ್ಟು ಅವನು ವಾಯವ್ಯಕ್ಕೆ ತಿರುಗಿದನು. ಹಾಗೆ ತಿರುಗಿದುದರಿಂದಲೇ ಕೊಂಕಣಪುರವನ್ನು ಕಂಡನು. ಆ ಊರನ್ನು ವಿದ್ವಾಂಸರಲ್ಲಿ ಕೆಲವರು ಬನವಾಸಿಯೆಂದೂ ಕೆಲವರು ಆನೆಗೊಂದಿಯೆಂದೂ ಗುರುತಿಸಿರುವರು. ಬರೆಯಲು ಒದಗುವ ತಾಳೆಮರಗಳ ತೋಪು ಅದರ ಬಳಿ ಮೂವತ್ತು ಲೀ ಸುತ್ತಳತೆಯಷ್ಟು ಇದ್ದಿತಂತೆ. ಅಲ್ಲಿಂದ ಕಳ್ಳರ ಮತ್ತು ಕ್ರೂರಮೃಗಗಳ ಭಯವಿದ್ದ ಕಾಡನ್ನು ಹಾಯ್ದು ಪುಲಕೇಶಿಯ ರಾಜ್ಯವನ್ನು ಸೇರಿದನು. ಹರ್ಷನಿಗೆ ಈ ರಾಜನು ಮಣಿಯಲಿಲ್ಲವೆಂಬ ಅವನ ಮಾತು ೬೩೪ರ ಐಹೊಳೆಯ ಶಾಸನಕ್ಕೆ ಹೊರನಾಡಿನ ಸಾಕ್ಷಿಯಾಗಿ ನಿಂತಿದೆ. ಅವನು ಬಂದುಹೋದ ಸ್ವಲ್ಪ ಕಾಲಕ್ಕೇ, ೬೪೨ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಸಿಂಹಳವನ್ನು ನೋಡಿಕೊಂಡು ನಿಧಾನವಾಗಿ ಬಂದಿದ್ದರೆ ಯಾತ್ರಿಕನು ಕಾಣುತ್ತಿದ್ದ ನಾಡೇ ಬೇರೆ.

ಹಿಂದಿರುಗುವಾಗ ಸಿಂಧೂನದಿಯು ತನ್ನ ಪಾಲನ್ನು ತೆಗೆದುಕೊಂಡಿತು. ಅವನು ಆನೆಯ ಮೇಲೆ ಸುಖವಾಗಿ ದಾಟಿದನು. ಗ್ರಂಥಗಳಿದ್ದ ದೋಣಿಯು ನಡುನೀರಿನಲ್ಲಿ ಗಾಳಿಗೆ ಸಿಕ್ಕಿ ಹೊಯ್ದಾಡಿತು. ಕಾವಲಿನವನು ನೀರಿಗೆ ಬಿದ್ದು ಹೇಗೋ ಬದುಕಿದನು. ಐವತ್ತು ಕಟ್ಟು ಗ್ರಂಥಗಳೂ ಹೂವಿನ ಬೀಜಗಳೂ ಹೋದುವು. ಐವತ್ತಕ್ಕೂ ಮಿಕ್ಕ ದಿನ ಅಲ್ಲಿಯೇ ತಂಗಿ, ಉದ್ಯಾನದೇಶಕ್ಕೆ ಜನರನ್ನು ಕಳುಹಿಸಿ ಕೆಲವನ್ನು ಮರಳಿ ಬರೆಯಿಸಿದನು. ಮುಂದೆ ಪಾಮೀರಿನ ದಾರಿಯಲ್ಲಿ ಕಳ್ಳರ ಗಲಭೆಯಲ್ಲಿ ಆನೆಯೂ ನೀರುಪಾಲಾಯಿತು. ಕೌಚಾಂಗಿನ ರಾಜನಿಗೆ ಕೊಟ್ಟಿದ್ದ ಮಾತನ್ನು ನಡೆಸುವ ಅವಕಾಶವೂ ಉಳಿದಿರಲಿಲ್ಲ: ರಾಜನು ಸತ್ತು, ೬೪೦ರಲ್ಲಿ ಆ ರಾಜ್ಯವನ್ನು ಚೀನದ ಸೈನ್ಯವು ವಶಪಡಿಸಿಕೊಂಡಿದ್ದಿತು.

೬೪೫ರಲ್ಲಿ ಅವನು ೬೫೭ ಗ್ರಂಥಗಳೊಡನೆ ಚಾಂಗಾನನ್ನು ಸೇರಿದಾಗ ಬೀದಿಗಳಲ್ಲಿ ನಿಲ್ಲಲು ಎಡೆಯಿರಲಿಲ್ಲ. ಒಂಬತ್ತು ವರ್ಷಗಳ ಬಳಿಕ, ೬೫೪ರಲ್ಲಿ, ಬೋಧಗಯೆಗೆ ಹಿಂದಿರುಗುತ್ತಿದ್ದ ಭಿಕ್ಷುವೊಬ್ಬನ ಕೈಯಲ್ಲಿ ಅವನು ಜ್ಞಾನಪ್ರಭನೆಂಬ ಭಾರತೀಯ ಪಂಡಿತನಿಗೆ ಓಲೆಯನ್ನು ಕಳುಹಿದನು. ಅದರಲ್ಲಿ ಶೀಲಭದ್ರನ ಮರಣಕ್ಕಾಗಿ ಶೋಕವಿದೆ. ತನ್ನ ಭಾಷಾಂತರಗಳ ಸುದ್ದಿಯಿದೆ. ಕೊನೆಯಲ್ಲಿ, ಸಿಂಧೂನದಿಯನ್ನು ದಾಟುವಾಗ ಒಂದು ಹೊರೆ ಗ್ರಂಥಗಳು ಹೋದುವೆಂದು ತಿಳಿಸಿ, ಯಾರಾದರೂ ಬರುವವರಿದ್ದರೆ ಕಳುಹಬೇಕೆಂದು ಬೇಡಿ, ಮುಳುಗಿದ ಗ್ರಂಥಗಳ ಹೆಸರುಗಳನ್ನು ಪಟ್ಟಿಯಾಗಿ ಬರೆದುಕೊಟ್ಟಿರುವನು.