ಶಾಂತಿಗ್ರಾಮದ ಫ್ಯಾನಿನ ಸದ್ದು

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಕೆಲಸ, ಡೆಡ್‌ಲೈನು ಅಂತ ನೆಪ ಹೇಳಬಹುದು, ಆದ್ರೆ ನಿಜ ವಿಷಯ ಅಂದ್ರೆ ಕಳೆದ ಎರಡು ತಿಂಗಳ ಶನಿವಾರ ಭಾನುವಾರಗಳನ್ನೆಲ್ಲ ಒಂದು ಫ್ಯಾನು ತಿಂದು ಹಾಕಿತು. ಅಂಗೈಯಗಲದ ಫ್ಯಾನು. ಅದರ ಕಥೆ ಹೇಳೋಣ ಅಂತ ಶುರು ಮಾಡಿದೆ, ಅದು 1980ಕ್ಕೆ ಹೋಗಿ ನಿಂತಿತು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ನಮ್ಮೂರು ಶಾಂತಿಗ್ರಾಮ. ಬೆಂಗಳೂರಿಂದ ಹಾಸನಕ್ಕೆ ಹೋಗೋ ನಿಮಗೆಲ್ಲ ಟೋಲ್ ಗೇಟ್ ದೆಸೆಯಿಂದ ಪರಿಚಯ ಇರುತ್ತೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಹೆಸರಿನ ಊರು ಅನ್ನೋದು ನಮ್ಮ ಹೆಮ್ಮೆ. ಸಂಗೀತ, ನಾಟ್ಯ ಎರಡೂ ಬಲ್ಲ ರಾಣಿ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳು. ಅವಳ ಹೆಸರಿನ ಊರಲ್ಲಿ ಈಗ ಬೆಳಗಿಂದ ರಾತ್ರಿ ತನಕ ಮಂಗಳೂರಿನ ಕಡೆಯ ಲಾರಿಗಳ ಏರ್ ಹಾರ್ನು. ಶಾಂತಿ ಹೆಸರಲ್ಲಿ ಉಳಕೊಂಡಿದೆ, ಅಷ್ಟೇ :)

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಅಂದ್ರೆ 2016ರಲ್ಲಿ, ಎಸ್.ಪಿ. ರೋಡಲ್ಲಿ ಬಿಡಿಭಾಗ ಆರಿಸಿ ಜೋಡಿಸಿಕೊಂಡಿದ್ದ ಕಂಪ್ಯೂಟರು ನಂದು. ಕೆಲಸ ಸಿಕ್ಕಿ ಲ್ಯಾಪ್‌ಟಾಪ್ ಬಂದ ಮೇಲೆ ಅದನ್ನ ಊರಿಗೆ ಸಾಗಿಸಿ, ಟಿವಿಗೆ ಸಿಕ್ಕಿಸಿ, ಕೋಡಿ ಹಾಕಿ, ಹಾಲಿನ ಶೋಕೇಸಲ್ಲಿ ಕೂರಿಸಿದೆ. ಅಪ್ಪನಿಗೆ ರಾಜ್‌ಕುಮಾರ್ ಸಿನಿಮಾ, ಅಮ್ಮನಿಗೆ ಧಾರಾವಾಹಿ. ಅಪ್ಪ ಮೊದಲ ದಿನವೇ ಹೇಳಿದ್ರು, "ಏನ್ಲಾ ಇದು, ಒಳ್ಳೆ ರಾಗಿ ಮಿಲ್ಲು ಇದ್ದಂಗೈತೆ." ವಾಲ್ಯೂಮ್ ಎರಡು ಮನೆ ಜಾಸ್ತಿ ಮಾಡಿದೆ, ಸಮಸ್ಯೆ ಬಗೆಹರೀತು. ಸಿನಿಮಾದ ಸದ್ದಿನ ಕೆಳಗೆ ಫ್ಯಾನಿನ ಸದ್ದು ಮುಚ್ಚಿ ಹೋಗುತ್ತೆ.

ಮುಚ್ಚದೇ ಇದ್ದದ್ದು ಅಜ್ಜಿಯ ಕ್ಯಾಸೆಟ್ ಹಾಕಿದಾಗ. ಅತ್ತೆಯ ಮದುವೆಯ ಹಿಂದಿನ ರಾತ್ರಿ, 2001ರಲ್ಲಿ, ಅಪ್ಪ ಟೂ-ಇನ್-ಒನ್ ಪಕ್ಕದಲ್ಲಿಟ್ಟು ಅಜ್ಜಿಯ ಸೋಬಾನೆ ಪದಗಳನ್ನ ರೆಕಾರ್ಡ್ ಮಾಡಿದ್ರು. ಅಜ್ಜಿ 2009ರಲ್ಲಿ ಹೋದ್ರು. ಅವರ ದನಿ ಅಂತ ಉಳಿದಿರೋದು ಆ ಒಂದು ಕ್ಯಾಸೆಟ್ಟು. ಈ ವರ್ಷ ಅದನ್ನ ಕಂಪ್ಯೂಟರಿಗೆ ಇಳಿಸಿ ಎಲ್ಲರೂ ಹಾಲಲ್ಲಿ ಕೂತ್ವಿ. ಅಜ್ಜಿ ಗೋಡೆಗೆ ಒರಗಿ, ತಮಗೆ ತಾವೇ ಹೇಳಿಕೊಳ್ಳೋ ಥರ ಹಾಡೋರು. ದನಿ ತೀರಾ ಮೆಲ್ಲಗೆ. ವಾಲ್ಯೂಮ್ ಏರಿಸಿದ್ರೆ ಕ್ಯಾಸೆಟ್ಟಿನ ಸರಸರವೂ ಏರುತ್ತೆ. ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, "ಮಿಲ್ಲಿನ ಸದ್ದೇ ಕೇಳ್ತದೆ, ಅವ್ವ ಕೇಳಲ್ಲ" ಅಂತ ಎದ್ದು ಹಿತ್ತಲಿಗೆ ಹೋದ್ರು. ಅಲ್ಲಿಂದ ಶುರು ನನ್ನ ಫ್ಯಾನ್ ಪುರಾಣ.

ಇಷ್ಟಕ್ಕೂ ಕಂಪ್ಯೂಟರಿಗೆ ಫ್ಯಾನ್ ಯಾಕೆ ಬಂತು? ದೊಡ್ಡ ಯಂತ್ರಗಳಿಗೆ ಮೊದಲಿಂದಲೂ ಇತ್ತು. 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್‌ನಲ್ಲಿ ಸುಮಾರು 18,000 ವಾಲ್ವುಗಳು, 150 ಕಿಲೋವ್ಯಾಟ್ ಕರೆಂಟು. ಗಾಳಿ ಊದದೇ ಇದ್ರೆ ಬೆಂದು ಹೋಗ್ತಿತ್ತು. ಆದರೆ ಅದರ ಪಕ್ಕ ಕೂತು ಯಾರೂ ಸೋಬಾನೆ ಕೇಳ್ತಿರಲಿಲ್ಲವಲ್ಲ. ಮನೆಗೆ ಬಂದ ಕಂಪ್ಯೂಟರಿನ ಕಥೆ ಬೇರೆ. 1977ರ ಆಪಲ್ 2ರಲ್ಲಿ ಫ್ಯಾನೇ ಇರಲಿಲ್ಲ. ರಾಡ್ ಹೋಲ್ಟ್ ಅನ್ನೋ ಎಂಜಿನಿಯರ್ ಮಾಡಿದ ಸ್ವಿಚಿಂಗ್ ಪವರ್ ಸಪ್ಲೈ ಅಷ್ಟು ತಣ್ಣಗಿತ್ತು. ಸ್ಟೀವ್ ಜಾಬ್ಸ್‌ಗೆ ಫ್ಯಾನಿನ ಸದ್ದು ಅಂದ್ರೆ ಆಗ್ತಿರಲಿಲ್ಲ. ಅದೇ ಹಠದಲ್ಲಿ 1980ರ ಆಪಲ್ 3ಕ್ಕೂ ಫ್ಯಾನ್ ಬೇಡ ಅಂದ. ಅಲ್ಯೂಮಿನಿಯಂ ಎರಕದ ಮೈಯೇ ಶಾಖ ಹೊರಗೆ ಹಾಕಲಿ ಅನ್ನೋ ಲೆಕ್ಕ. ಕಾದು ಆರಿ, ಕಾದು ಆರಿ, ಚಿಪ್ಪುಗಳು ಸಾಕೆಟ್ಟಿಂದ ಎದ್ದು ಬರೋಕೆ ಶುರುವಾದವು. ಯಂತ್ರವನ್ನ ಮೇಜಿಂದ ಒಂದೆರಡು ಅಂಗುಲ ಎತ್ತಿ ಬಿಡಿ, ಚಿಪ್ಪು ಮತ್ತೆ ಕೂರುತ್ತೆ ಅನ್ನೋದು ಆಗ ಹೇಳ್ತಿದ್ದ ಮದ್ದು! ಮೊದಲ 14,000 ಯಂತ್ರಗಳನ್ನ ಆಪಲ್ ಬದಲಾಯಿಸಿ ಕೊಡಬೇಕಾಯ್ತು. ಶಾಖದ ಒಂದೇ ತಪ್ಪಲ್ಲ, ಬೋರ್ಡಿನ ವಿನ್ಯಾಸದಲ್ಲೂ ಐಬಿತ್ತು ಅಂತಾರೆ. ಆದರೂ ಬೈಸಿಕೊಂಡಿದ್ದು ಫ್ಯಾನ್ ಬೇಡ ಅಂದವನೇ.

1981ರಲ್ಲಿ ಬಂದ ಐಬಿಎಂ ಪಿಸಿ ಇಂಥ ಸೂಕ್ಷ್ಮಕ್ಕೆಲ್ಲ ಹೋಗಲಿಲ್ಲ. 63.5 ವ್ಯಾಟಿನ ಪವರ್ ಸಪ್ಲೈ, ಅದರೊಳಗೆ ಒಂದು ಫ್ಯಾನು, ಮುಗೀತು. ಆಫೀಸಿನ ಯಂತ್ರ, ಟೈಪ್‌ರೈಟರ್ ಕುಟ್ಟೋ ಜಾಗದಲ್ಲಿ ಫ್ಯಾನ್ ಯಾರಿಗೆ ಕೇಳುತ್ತೆ? ನನ್ನ ಪ್ರಕಾರ ನಮ್ಮ ಹಾಲಿನ ರಾಗಿ ಮಿಲ್ಲಿನ ಮೂಲ ಪುರುಷ ಇವನೇ. ಆಫೀಸಿಗೆ ಅಂತ ಹುಟ್ಟಿದ ಡಬ್ಬವನ್ನ ಇಪ್ಪತ್ತು ವರ್ಷದ ಮೇಲೆ ಟಿವಿ ಪಕ್ಕ ತಂದಿಟ್ಟರು. 2002ರಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಸೆಂಟರ್ ಬಂದದ್ದೇ ಹಾಗೆ. ಡಬ್ಬದ ತಲೆ ಬದಲಾಯ್ತು, ಶ್ವಾಸಕೋಶ ಅದೇ.

ಪ್ರೊಸೆಸರಿಗೆ ಸ್ವಂತ ಫ್ಯಾನ್ ಬಂದದ್ದು ಆಮೇಲೆ. ಐಬಿಎಂ ಪಿಸಿಯ 8088 ಚಿಪ್ಪಿಗೆ ಲೋಹದ ತುಂಡೂ ಬೇಕಿರಲಿಲ್ಲ. 1993ರ ಮೊದಲ ಪೆಂಟಿಯಂ ಹದಿನೈದು ಹದಿನಾರು ವ್ಯಾಟ್ ಕುಡಿಯೋದು, ಅದಕ್ಕೇ ಜನ ಬೆಚ್ಚಿದ್ದರು. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಅದು ಕುಡಿಯೋ ಕರೆಂಟೂ ಅದೇ ಪ್ರಮಾಣದಲ್ಲಿ ಇಳಿಯುತ್ತೆ ಅಂತ 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತವರ ಜೊತೆಯವರು ತೋರಿಸಿದ್ದರು. ಮೂವತ್ತು ವರ್ಷ ಎಲ್ಲರೂ ಅದನ್ನೇ ನಂಬಿ ನಡೆದರು. 2004ರ ಫೆಬ್ರವರಿಯಲ್ಲಿ ಬಂದ ಪೆಂಟಿಯಂ 4 ಪ್ರೆಸ್ಕಾಟ್‌ನಲ್ಲಿ ಆ ನಂಬಿಕೆ ಕೈ ಕೊಟ್ಟಿತು. ಗೆರೆ ಸಣ್ಣದಾಯ್ತು, ಸೋರಿಕೆ ಜಾಸ್ತಿಯಾಯ್ತು, ಮೇಲಿನ ಮಾದರಿಗಳು 100 ವ್ಯಾಟ್ ದಾಟಿದವು. ಜನ 'ಪ್ರೆಸ್‌ಹಾಟ್' ಅಂತ ಆಡಿಕೊಂಡರು. ಅದರ ಮುಂದಿನ ಟೇಹಾಸ್ ಅನ್ನೋ ಚಿಪ್ಪನ್ನ ಇಂಟೆಲ್ ಅದೇ ಮೇ ತಿಂಗಳಲ್ಲಿ ಕೈಬಿಟ್ಟಿತು. 2006ರಲ್ಲಿ ಕೋರ್ 2 ಡುಯೋ 65 ವ್ಯಾಟಿಗೆ ಬಂದು ನಿಂತಾಗ ಎಲ್ಲರ ಕಿವಿಗೂ ಸ್ವಲ್ಪ ವಿರಾಮ ಸಿಕ್ಕಿತು.

ಆ ಗದ್ದಲದ ವರ್ಷಗಳಲ್ಲೇ ಸದ್ದು ಕಮ್ಮಿ ಮಾಡೋ ಹುಚ್ಚರ ಒಂದು ಪಂಥವೂ ಹುಟ್ಟಿಕೊಂಡಿತು. ಕೆನಡಾದ ವ್ಯಾಂಕೂವರಲ್ಲಿ ಮೈಕ್ ಚಿನ್ ಅನ್ನೋರು 2002ರಲ್ಲಿ ಶುರು ಮಾಡಿದ ಸೈಲೆಂಟ್ ಪಿಸಿ ರಿವ್ಯೂನಲ್ಲಿ ಒಂದೊಂದು ಫ್ಯಾನಿನ ಸದ್ದನ್ನೂ ರೆಕಾರ್ಡ್ ಮಾಡಿ ಕೇಳಿಸೋರು. ಅದರಿಂದ ನಾನು ಕಲಿತ ಮುಖ್ಯ ಲೆಕ್ಕ ಇಷ್ಟು: ಫ್ಯಾನಿನ ವೇಗ ಅರ್ಧ ಮಾಡಿದ್ರೆ ಗಾಳಿಯೂ ಅರ್ಧ ಆಗುತ್ತೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ. ಕಿವಿಗೆ ಅದು ಮೂರನೇ ಒಂದು ಭಾಗದಷ್ಟು ಕೇಳುತ್ತೆ. ಅಂದ್ರೆ ಓಡೋ ಸಣ್ಣ ಫ್ಯಾನಿಗಿಂತ ನಡೆಯೋ ದೊಡ್ಡ ಫ್ಯಾನ್ ವಾಸಿ. 80 ಮಿಲಿಮೀಟರಿನ ಫ್ಯಾನುಗಳು ಹೋಗಿ 120, 140 ಬಂದದ್ದು ಇದೇ ಲೆಕ್ಕದಲ್ಲಿ.

ಇನ್ನೊಂದು ಲೆಕ್ಕ ನನ್ನ ಕೈಯಲ್ಲೇ ಬಂತು. ನನ್ನ ಡಬ್ಬದ ಹಿಂದಿನ ಫ್ಯಾನಿಗೆ 7 ರೆಕ್ಕೆ, ನಿಮಿಷಕ್ಕೆ ಸುಮಾರು 2500 ಸುತ್ತು. ಗುಣಿಸಿ 60ರಿಂದ ಭಾಗಿಸಿ, ಸೆಕೆಂಡಿಗೆ 290 ಸಲ ರೆಕ್ಕೆ ಜಾಲರಿಯ ಮುಂದೆ ಹಾಯುತ್ತೆ. ಹೆಂಗಸರ ದನಿಯ ಮೂಲ ಕಂಪನವೂ ಅದೇ ಆಸುಪಾಸು. ಮಿಲ್ಲು ಅಜ್ಜಿಯ ಶ್ರುತಿಯಲ್ಲೇ ಓಡ್ತಿತ್ತು! ಅಪ್ಪ ಹೇಳಿದ್ದು ಮುನಿಸಿನ ಮಾತಲ್ಲ, ಅಕ್ಷರಶಃ ನಿಜ.

ಕೆಲಸಕ್ಕೆ ಇಳಿದೆ. ಮೊದಲು ಪ್ರೊಸೆಸರ್ ಫ್ಯಾನೇ ಕಳ್ಳ ಅಂತ ತೀರ್ಮಾನ ಮಾಡಿ, ಹೀಟ್ ಪೈಪ್ ಇರೋ ದೊಡ್ಡ ಕೂಲರ್ ತಂದೆ. ಅಂಗಡಿಯವನು "ಎಲ್ಲಾ ಕ್ಯಾಬಿನೆಟ್ಟಿಗೂ ಕೂರುತ್ತೆ ಸಾರ್" ಅಂದಿದ್ದ. ಕೂತಿತು, ಮುಚ್ಚಳ ಹಾಕೋಕೆ ಆಗಲಿಲ್ಲ. ಎರಡು ವಾರ ಮುಚ್ಚಳ ಇಲ್ಲದೇ ಓಡಿತು, ಅಮ್ಮ ಅದರ ಮೇಲೆ ಕ್ರೋಶಾ ಬಟ್ಟೆ ಹೊದಿಸಿದ್ದಳು. ದೇವರ ದಯೆ, ಏನೂ ಸುಡಲಿಲ್ಲ.

ಈ ಹೀಟ್ ಪೈಪಿಗೂ ನಮ್ಮ ಹಾಸನಕ್ಕೂ ಒಂದು ನಂಟಿದೆ, ಅದನ್ನ ಹೇಳದೇ ಮುಂದೆ ಹೋಗೋಕೆ ಮನಸ್ಸಿಲ್ಲ. ತಾಮ್ರದ ಮುಚ್ಚಿದ ಕೊಳವೆ, ಒಳಗೆ ಗಾಳಿ ತೆಗೆದು ಒಂಚೂರು ನೀರು. ಬಿಸಿ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆ ತುದಿಗೆ ಓಡುತ್ತೆ, ಅಲ್ಲಿ ಹನಿಯಾಗಿ, ಕೊಳವೆಯ ಒಳಮೈಯ ಬತ್ತಿಯಂಥ ಪದರದಲ್ಲಿ ವಾಪಸ್ ಬರುತ್ತೆ. ದೀಪದ ಬತ್ತಿ ಎಣ್ಣೆ ಏರಿಸೋ ಹಾಗೆಯೇ. ಮೋಟಾರಿಲ್ಲ, ಸದ್ದಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನ ಮಾಡಿ ತೋರಿಸಿದ್ದು ಬಾಹ್ಯಾಕಾಶದ ಕೆಲಸಕ್ಕೆ. ಅಲ್ಲಿ ಗಾಳಿಯೇ ಇಲ್ಲ, ಫ್ಯಾನ್ ಏನನ್ನ ಊದಬೇಕು? ಭೂಸ್ಥಿರ ಉಪಗ್ರಹಗಳಲ್ಲಿ ಅಮೋನಿಯಾ ತುಂಬಿದ ಇಂಥ ಕೊಳವೆಗಳೇ ಶಾಖವನ್ನ ರೇಡಿಯೇಟರಿಗೆ ಸಾಗಿಸೋದು. ಅಂಥ ಉಪಗ್ರಹಗಳನ್ನ 1982ರಿಂದ ನೋಡಿಕೊಳ್ತಿರೋದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಹಾಸನದ ಇಸ್ರೋ ಕೇಂದ್ರ, ಎಂಸಿಎಫ್. ಸ್ಕೂಲ್ ಟ್ರಿಪ್ಪಲ್ಲಿ ಆ ದೊಡ್ಡ ಆಂಟೆನಾಗಳನ್ನ ಹೊರಗಿಂದ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಮೇಲೆ ಉಪಗ್ರಹದಲ್ಲಿ ಇರೋ ಉಪಾಯವೇ ಕೆಳಗೆ ನಮ್ಮ ಶೋಕೇಸಿಗೆ ಬಂದು ಕೂತಿದೆ.

ಇಷ್ಟೆಲ್ಲ ಆದ್ರೂ ಸದ್ದು ಹೋಗಲಿಲ್ಲ. ಕೊನೆಗೆ ಬುದ್ಧಿ ಬಂದು, ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಒಂದೊಂದೇ ಫ್ಯಾನಿನ ನಡುಮಧ್ಯ ಒತ್ತಿ ಕ್ಷಣ ನಿಲ್ಲಿಸಿ ಕೇಳಿದೆ. ಈ ಕೆಲಸ ಮೊದಲ ದಿನವೇ ಮಾಡಬೇಕಿತ್ತು. ಅಸಲಿ ಅಪರಾಧಿಗಳು ಹಿಂದಿನ 80ರ ಫ್ಯಾನು, ಮತ್ತೆ ಹಾರ್ಡ್ ಡಿಸ್ಕು. ಡಿಸ್ಕಿನ ನಡುಕ ಶೋಕೇಸಿನ ಹಲಗೆಗೆ ಇಳಿದು ಇಡೀ ಶೋಕೇಸು ವೀಣೆಯ ಬುರುಡೆ ಥರ ಮೊಳಗ್ತಿತ್ತು. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ನಾಲ್ಕು ಪಾದ ಮಾಡಿ ಕೆಳಗಿಟ್ಟೆ, ಅರ್ಧ ಗುಂಯ್‌ಗುಡೋದು ಅಲ್ಲೇ ನಿಂತಿತು. ಖರ್ಚು ಸೊನ್ನೆ. ಹಿಂದಿನ ಫ್ಯಾನಿನ ಎದುರಿಗಿದ್ದ ತೂತುತೂತಿನ ತಗಡನ್ನ ಕತ್ತರಿಸಿ ತೆಗೆದು, 120ರ ಫ್ಯಾನನ್ನ ಹೊರಗಿಂದ ಕಟ್ಟಿ, ಪಿಡಬ್ಲ್ಯುಎಂ ತಂತಿಗೆ ಕೊಟ್ಟೆ. ಈ ನಾಲ್ಕು ತಂತಿಯ ಫ್ಯಾನಿಗೆ ಕರೆಂಟನ್ನ ಸೆಕೆಂಡಿಗೆ 25,000 ಸಲ ಹಚ್ಚಿ ಆರಿಸಿ ವೇಗ ಹಿಡಿತದಲ್ಲಿಡ್ತಾರೆ. 25,000 ಯಾಕೆ ಅಂದ್ರೆ ಮನುಷ್ಯನ ಕಿವಿಗೆ ಅದು ಕೇಳಲ್ಲ, ಅಷ್ಟೇ.

ಗಾಳಿ ಒಳಗೆ ಬರಬೇಕು, ಸದ್ದು ಹೊರಗೆ ಬರಬಾರದು ಅನ್ನೋದು ಮಾತ್ರ ಕಗ್ಗಂಟಾಗಿತ್ತು. ಇದರಲ್ಲಿ ಜಗತ್ತಿಗೇ ಪಾಠ ಹೇಳಿದವರು ಬೆಂಗಳೂರಲ್ಲೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಎಲ್. ಮುಂಜಾಲ್ 1987ರಲ್ಲಿ ಕೊಳವೆ ಮತ್ತು ಮಫ್ಲರುಗಳ ಧ್ವನಿವಿಜ್ಞಾನದ ಮೇಲೆ ಬರೆದ ಪುಸ್ತಕ ಈ ವಿಷಯದವರಿಗೆಲ್ಲ ಗೊತ್ತು. ಡೀಸೆಲ್ ಜನರೇಟರಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಅಂತ ಕಾನೂನು ಬಂದ ಮೇಲೆ ಅದನ್ನ ಪೆಟ್ಟಿಗೆಯೊಳಗೆ ಕೂರಿಸೋಕೆ ಬೇಕಾದ್ದೂ ಇದೇ ವಿದ್ಯೆ. ಗಾಳಿಯ ದಾರಿಯನ್ನ ಮಡಚಿ, ಮಡಿಕೆಯ ಗೋಡೆಗೆ ಮೆತ್ತನೆ ಪದರ ಹಚ್ಚಿದ್ರೆ ಗಾಳಿ ತಿರುಗಿ ಹೋಗುತ್ತೆ, ಸದ್ದು ಗೋಡೆಗೆ ಡಿಕ್ಕಿ ಹೊಡೆದು ಕರಗುತ್ತೆ. ನಾನು ಶೋಕೇಸಿನ ಹಿಂದೆ ಪ್ಲೈವುಡ್ಡಲ್ಲಿ ಒಂದು ಮೊಣಕೈ ಮಾಡಿ, ಸೋಫಾ ರಿಪೇರಿಯವರ ಹತ್ತಿರ ಫೋಮ್ ತಂದು ಅಂಟಿಸಿದೆ. ಊರು ಸಮುದ್ರಮಟ್ಟಕ್ಕಿಂತ ಮೇಲಿರೋದ್ರಿಂದ ಗಾಳಿ ಹತ್ತನೇ ಒಂದು ಭಾಗ ತೆಳು, ತಂಪು ಸ್ವಲ್ಪ ಕಮ್ಮಿ ಸಿಗುತ್ತೆ. ಆದರೆ ಹಾಸನ ಬಡವರ ಊಟಿ ಅಲ್ವಾ, ರೂಮಿನ ಗಾಳಿಯೇ ತಣ್ಣಗಿದ್ದು ಲೆಕ್ಕ ಸರಿಹೋಗುತ್ತೆ. ಚೆನ್ನೈಯಲ್ಲಿ ಇದೇ ಡಬ್ಬ ಇಟ್ಟರೆ ನನ್ನನ್ನ ಬೈಬೇಡಿ.

ಇಷ್ಟು ಒದ್ದಾಡೋವಾಗ ಪದೇ ಪದೇ ನೆನಪಾಗ್ತಿದ್ದದ್ದು ಸಿಂಪ್ಯೂಟರ್. ನಿಮ್ಮಲ್ಲಿ ಹಳಬರಿಗೆ ನೆನಪಿರುತ್ತೆ. ಐಐಎಸ್‌ಸಿಯ ಮೇಷ್ಟ್ರುಗಳು, ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ತೋರಿಸಿದ ಕೈಕಂಪ್ಯೂಟರು. 2004ರಲ್ಲಿ ಬಿಇಎಲ್ ಮತ್ತು ಪಿಕೊಪೆಟಾ 'ಅಮಿದಾ' ಅಂತ ಮಾರುಕಟ್ಟೆಗೂ ತಂದರು. ಅರ್ಧ ವ್ಯಾಟಿಗಿಂತ ಕಮ್ಮಿ ಕುಡಿಯೋ ಸ್ಟ್ರಾಂಗ್‌ಆರ್ಮ್ ಚಿಪ್ಪು, ಫ್ಯಾನಿನ ಮಾತೇ ಇಲ್ಲ. ರಮೇಶ್ ಹರಿಹರನ್ ಅದಕ್ಕೆಂದೇ ಮಾಡಿದ 'ಧ್ವನಿ' ತಂತ್ರಾಂಶದಿಂದ ಕನ್ನಡ ಬರಹವನ್ನ ಓದಿ ಹೇಳ್ತಿತ್ತು ಕೂಡ. ಅದೇ ವರ್ಷ ಅಲ್ಲಿ ಪ್ರೆಸ್ಕಾಟ್ ನೂರು ವ್ಯಾಟ್ ಸುಡ್ತಿತ್ತು. ಸಿಂಪ್ಯೂಟರ್ ಮಾರಾಟದಲ್ಲಿ ಸೋತಿತು, ನಿಜ. ಆದರೆ ಈಗ ನಮ್ಮ ಜೇಬಲ್ಲಿರೋ ಫೋನುಗಳೆಲ್ಲ ಆ ವಂಶದವೇ ಹೊರತು ಪ್ರೆಸ್ಕಾಟಿನ ವಂಶದವಲ್ಲ. ಒಂದು ಸಣ್ಣ ಆರ್ಮ್ ಡಬ್ಬ ತಂದಿದ್ರೆ ಇಷ್ಟು ರಗಳೆಯೇ ಇರ್ತಿರಲಿಲ್ಲ ಅಂತ ನೀವು ಕಾಮೆಂಟ್ ಹಾಕೋ ಮೊದಲೇ ಒಪ್ಕೊಂಡು ಬಿಡ್ತೀನಿ. ಏನ್ಮಾಡೋದು, ನಾನೇ ಜೋಡಿಸಿದ ಮೊದಲ ಕಂಪ್ಯೂಟರು, ಬಿಸಾಕೋಕೆ ಮನಸ್ಸು ಬರಲ್ಲ.

ಹೋದ ಭಾನುವಾರ ಸಂಜೆ ಮತ್ತೆ ಅಜ್ಜಿಯ ಕ್ಯಾಸೆಟ್ ಹಾಕಿದೆ. ಹಾಲು ನಿಶ್ಶಬ್ದ, ಹೊರಗೆ ದೂರದಲ್ಲಿ ಒಂದು ಲಾರಿ. ಅಜ್ಜಿಯ ದನಿ ಬಂತು, ಉಸಿರು ತಗೊಳ್ಳೋದೂ ಕೇಳ್ತು. ಅದರ ಹಿಂದೆ ಟಕ್... ಟಕ್... ಟಕ್ ಅಂತ ಇನ್ನೊಂದು ಸದ್ದು. ನನಗೆ ಎದೆ ಧಸಕ್ಕಂತು, ಹೊಸ ಫ್ಯಾನೂ ಕೆಟ್ಟಿತಾ ಅಂತ ಎದ್ದು ಹೋಗಿ ಡಬ್ಬದ ಮೇಲೆ ಕಿವಿಯಿಟ್ಟೆ. ಅಲ್ಲಿಂದ ಅಲ್ಲ.

ಅಪ್ಪ ಕೂತಲ್ಲಿಂದಲೇ, "ಅದು ಹಳೇ ಮನೆ ಸೀಲಿಂಗ್ ಫ್ಯಾನ್ ಕಣ್ಲಾ. ಒಂದು ರೆಕ್ಕೆ ಸೊಟ್ಟ ಇತ್ತು" ಅಂದ್ರು.

"ಕಂಪ್ಯೂಟರಲ್ಲೇ ಆ ಸದ್ದು ತೆಗೀಬೋದು ಅಪ್ಪ, ಆದ್ರೆ ಅಜ್ಜಿ ದನಿ ನೀರೊಳಗಿಂದ ಬಂದಂಗೆ ಆಗುತ್ತೆ. ಒಂದ್ಸಲ ಮಾಡಿ ನೋಡಿದೀನಿ."

"ಯಾತಕ್ಕೆ ತೆಗೀತೀಯ, ಬಿಡು" ಅಂದು ಕಣ್ಣು ಮುಚ್ಚಿಕೊಂಡ್ರು.

ಕ್ಯಾಸೆಟ್ ಎರಡೂ ಕಡೆ ಮುಗಿಯೋ ತನಕ ಯಾರೂ ಏಳಲಿಲ್ಲ. ಈಗಿನ ತಕರಾರು ಅಮ್ಮನದು. ಸದ್ದೇ ಇಲ್ಲದೇ ಇರೋದ್ರಿಂದ ಡಬ್ಬ ಆನ್ ಇದ್ಯಾ ಆಫ್ ಇದ್ಯಾ ಗೊತ್ತಾಗಲ್ವಂತೆ, ರಾತ್ರಿಯೆಲ್ಲ ಓಡಿ ಕರೆಂಟ್ ಬಿಲ್ ಬರುತ್ತಂತೆ. ಒಂದು ಕೆಂಪು ದೀಪ ಹಾಕಿಕೊಡು ಅಂದಿದ್ದಾಳೆ, ಮುಂದಿನ ಶನಿವಾರಕ್ಕೆ ಆ ಕೆಲಸ. ಅಂದಹಾಗೆ, ಪವರ್ ಸಪ್ಲೈನ ಫ್ಯಾನ್ ಒಂದು ಬಾಕಿ ಇದೆ. ಬೇಸಿಗೆಯಲ್ಲಿ ಅದು ಸ್ವಲ್ಪ ರಾಗ ಎಳೆಯುತ್ತೆ. ನಿಮ್ಮಲ್ಲಿ ಯಾರಾದ್ರೂ ಫ್ಯಾನ್ ಇಲ್ಲದ ಪವರ್ ಸಪ್ಲೈ ಬಳಸಿದ್ರೆ, ಎಲ್ಲಿ ಸಿಕ್ತು, ಎಷ್ಟಾಯ್ತು, ದಯವಿಟ್ಟು ತಿಳಿಸಿ.