ಹಾಳೆಯ ಬಿಳಿ

ಐವತ್ತೆಂಟಕ್ಕೆ ಜಲವರ್ಣ ಕಲೀತಿದೀನಿ ಅಂತ ನಗಬೇಡಿ ಅಕ್ಕಂದಿರೇ. ಮೊದಲ ವಾರ ಬರೀ ಹಾಳೆ ಕೆಡಿಸಿದ್ದೇ ಆಯ್ತು. ಗೌಶ್ ಆದ್ರೆ ದಪ್ಪ ಬಣ್ಣ, ತಪ್ಪಾದ್ರೆ ಮೇಲೊಂದು ಸಲ ಬಳಿದು ಮುಚ್ಚಬಹುದು. ಜಲವರ್ಣದಲ್ಲಿ ಹಾಳೆಯೇ ಬಿಳಿ. ಬೇಕಾದ ಕಡೆ ಮೊದಲೇ ಬಿಟ್ಟಿರಬೇಕು. ಮೂವತ್ತೈದು ವರ್ಷ ಸಂಸಾರದಲ್ಲಿ ಮುಚ್ಚೋದನ್ನೇ ಕಲಿತ ಕೈಗೆ ಬಿಡೋದು ಕಷ್ಟ ಕಣ್ರೀ.

ಆಗ ಕೆ. ವೆಂಕಟಪ್ಪನವರ (1886–1965) ಕತೆ ಓದಿದೆ. ಮೈಸೂರು ಅರಮನೆ ಚಿತ್ರಗಾರರ ಮನೆತನ. ಮೈಸೂರು ಚಿತ್ರ ಅಂದ್ರೆ ಗೊತ್ತಲ್ಲ, ಸಫೇದ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸೋದು. ಅಂಥವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥ ಟಾಗೋರರ ಹತ್ರ ಕಲಿತರು. ಟಾಗೋರರ ‘ವಾಶ್’ ಪದ್ಧತೀಲಿ ತೆಳ್ಳಗೆ ಬಣ್ಣ ಹಚ್ಚಿ, ಹಾಳೆಯನ್ನೇ ನೀರಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಚ್ಚೋದು. ಥೇಟ್ ಸೀರೆ ಜಾಲಿಸಿದ ಹಾಗೆ! ಮುಂದೆ ಅವರು ಊಟಿ, ಕೊಡೈಕೆನಾಲ್ ಬೆಟ್ಟಗಳನ್ನ ಜಲವರ್ಣದಲ್ಲೇ ಬರೆದರು. ಮನೆಯ ವಿದ್ಯೆ ಕೈಲಿದ್ದೂ ಇನ್ನೊಂದಕ್ಕೆ ಶಿಷ್ಯರಾಗಿ ಕೂತರಲ್ಲ, ನನಗೆ ಅದೇ ದೊಡ್ಡದಾಗಿ ಕಂಡಿದ್ದು.

ನಿನ್ನೆ ಹಿತ್ತಾಳೆ ಬಿಂದಿಗೆ ಬರೆದೆ. ಹೊಟ್ಟೆ ಮೇಲಿನ ಹೊಳಪಿನ ಜಾಗ ಮುಟ್ಟದೇ ಬಿಟ್ಟೆ. ಶಾಯಿ ಗೆರೆ ಮಾತ್ರ ಸೊಟ್ಟ.