129 ಅಂಕಿಯ ಬೀಗ, 600 ಜನರ ಕೀಲಿಕೈ

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 43 ಇಂಟು 47 ಎಷ್ಟು? ಫೋನಲ್ಲಿ ಒತ್ತಿದರೆ ಎರಡು ಸೆಕೆಂಡು: 2021. ಈಗ ಉಲ್ಟಾ ಯೋಚಿಸಿ. ಯಾವ ಎರಡು ಸಂಖ್ಯೆ ಗುಣಿಸಿದರೆ 2021 ಬರುತ್ತೆ ಅಂತ ಮೊದಲೇ ಕೇಳಿದ್ದರೆ? 3, 7, 11, 13 ಅಂತ ಒಂದೊಂದಾಗಿ ಭಾಗಿಸಿ ನೋಡ್ತಾ ಕೂರಬೇಕಿತ್ತು. ಗುಣಿಸೋದು ಸುಲಭ, ಬಿಡಿಸೋದು ಕಷ್ಟ. ಶಾಲೆಯಲ್ಲಿ ನಾವು ಅಪವರ್ತನ ಅಂತ ಓದಿದ್ದು ಇದನ್ನೇ.

ಈ ಕಷ್ಟದ ಮೇಲೆ ಒಂದು ಬೀಗ ಕಟ್ಟಬಹುದು ಅಂತ 1977ರಲ್ಲಿ ಎಂಐಟಿಯ ಮೂವರಿಗೆ ಹೊಳೀತು: ರಿವೆಸ್ಟ್, ಶಮಿರ್, ಆಡಲ್‌ಮನ್. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದಕ್ಕೆ ಆರ್‌ಎಸ್‌ಎ ಅಂತ ಹೆಸರಾಯ್ತು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನ ಗುಟ್ಟಾಗಿ ಇಟ್ಟುಕೊಂಡು, ಅವುಗಳ ಗುಣಲಬ್ಧವನ್ನ ಊರಿಗೆಲ್ಲ ಹೇಳಿಬಿಡೋದು. ಯಾರು ಬೇಕಾದರೂ ಬೀಗ ಹಾಕಬಹುದು. ತೆಗೆಯೋಕೆ ಮಾತ್ರ ಆ ಎರಡು ಸಂಖ್ಯೆ ಗೊತ್ತಿರಬೇಕು.

ಅದೇ ವರ್ಷ ಆಗಸ್ಟ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಈ ವಿಷಯ ಬರೆದರು. ಜೊತೆಗೆ 129 ಅಂಕಿಯ ಒಂದು ಸಂಖ್ಯೆ, ಅದರಿಂದ ಬೀಗ ಹಾಕಿದ ಒಂದು ಗುಟ್ಟಿನ ಸಂದೇಶ, ಬಿಡಿಸಿದವರಿಗೆ 100 ಡಾಲರ್ ಬಹುಮಾನ. ಇದನ್ನ ಒಡೆಯೋಕೆ ಎಷ್ಟು ಕಾಲ ಬೇಕು ಅಂತ ರಿವೆಸ್ಟ್ ಅಂದಾಜು ಮಾಡಿದ್ದು 4ರ ಮುಂದೆ 16 ಸೊನ್ನೆ ಹಾಕಿದಷ್ಟು ವರ್ಷ. ಅಂದರೆ 40 ಸಾವಿರ ಲಕ್ಷ ಕೋಟಿ ವರ್ಷ.

ಆದರೆ ಅದು ಒಡೆದದ್ದು 17ನೇ ವರ್ಷಕ್ಕೆ!

ಹೇಗೆ? ಎರಡು ವಿಷಯ ಒಟ್ಟಿಗೆ ಸೇರಿದವು. ಒಂದು, ಗಣಿತಜ್ಞರು ಹೊಸ ವಿಧಾನ ಕಂಡುಹಿಡಿದರು. ನೇರವಾಗಿ ಭಾಗಿಸಿ ನೋಡುವ ಬದಲು, ಒಂದು ವಿಶೇಷ ಗುಣ ಇರೋ ಸಣ್ಣ ಸಣ್ಣ ಸುಳಿವುಗಳನ್ನ ಲಕ್ಷಗಟ್ಟಲೆ ಕೂಡಿಹಾಕಬೇಕು. ಆಮೇಲೆ ಎಲ್ಲವನ್ನೂ ಒಂದೆಡೆ ಸೇರಿಸಿ ದೊಡ್ಡದೊಂದು ಲೆಕ್ಕ ಮಾಡಿದರೆ ಅಪವರ್ತನ ಹೊರಬೀಳುತ್ತೆ. ಸುಳಿವು ಹುಡುಕೋ ಕೆಲಸಕ್ಕೆ ಜರಡಿ ಹಿಡಿಯೋದು ಅಂತಾರೆ. ಎರಡನೆಯದು ಇಂಟರ್ನೆಟ್. ಜರಡಿ ಹಿಡಿಯೋ ಕೆಲಸವನ್ನ ಎಷ್ಟು ಜನಕ್ಕೆ ಬೇಕಾದರೂ ಹಂಚಬಹುದು. ಒಬ್ಬರು ಇನ್ನೊಬ್ಬರಿಗೆ ಕಾಯಬೇಕಿಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಹತ್ತಾರು ಜನ ಕೂತು ತರಕಾರಿ ಹೆಚ್ಚಿದ ಹಾಗೆ. ಕೊನೆಗೆ ಒಲೆ ಮುಂದೆ ನಿಲ್ಲೋ ಭಟ್ಟರು ಮಾತ್ರ ಒಬ್ಬರೇ.

1988ರಲ್ಲೇ ಆರ್ಯನ್ ಲೆನ್‌ಸ್ಟ್ರಾ ಮತ್ತು ಮಾರ್ಕ್ ಮನಾಸಿ ಇಮೇಲ್ ಮೂಲಕ ಕೆಲಸ ಹಂಚಿ 100 ಅಂಕಿಯ ಸಂಖ್ಯೆಯೊಂದನ್ನ ಒಡೆದು ತೋರಿಸಿದ್ದರು. 1993ರಲ್ಲಿ ಡೆರೆಕ್ ಆಟ್‌ಕಿನ್ಸ್, ಮೈಕಲ್ ಗ್ರಾಫ್, ಪಾಲ್ ಲೇಲ್ಯಾಂಡ್ ಮತ್ತು ಲೆನ್‌ಸ್ಟ್ರಾ ಸೇರಿ 129 ಅಂಕಿಯ ಆ ಹಳೇ ಬೀಗಕ್ಕೆ ಕೈಹಾಕಿದರು. ಸುಮಾರು 600 ಸ್ವಯಂಸೇವಕರು, 1600 ಕಂಪ್ಯೂಟರ್, ಎಂಟು ತಿಂಗಳು. ಎರಡು ಫ್ಯಾಕ್ಸ್ ಮೆಷಿನ್ ಕೂಡ ಕೆಲಸ ಮಾಡಿದವಂತೆ! 80 ಲಕ್ಷಕ್ಕೂ ಹೆಚ್ಚು ಸುಳಿವು ಸೇರಿದವು. ಕೊನೆಯ ದೊಡ್ಡ ಲೆಕ್ಕಕ್ಕೆ ಒಂದು ಸೂಪರ್ ಕಂಪ್ಯೂಟರ್ ಸುಮಾರು 45 ಗಂಟೆ ತೆಗೆದುಕೊಳ್ತು. 1994ರ ಏಪ್ರಿಲ್‌ನಲ್ಲಿ 64 ಅಂಕಿಯ ಒಂದು, 65 ಅಂಕಿಯ ಒಂದು ಸಂಖ್ಯೆ ಸಿಕ್ಕವು. ಬೀಗ ತೆಗೆದಾಗ ಒಳಗಿದ್ದ ಸಂದೇಶ: ಮ್ಯಾಜಿಕ್ ಪದಗಳು 'ಸ್ಕ್ವೀಮಿಶ್ ಆಸಿಫ್ರೇಜ್'. ಆಸಿಫ್ರೇಜ್ ಅಂದರೆ ಮೂಳೆ ಒಡೆದು ತಿನ್ನೋ ಒಂದು ಜಾತಿಯ ರಣಹದ್ದು. ಅರ್ಥ ಹುಡುಕಬೇಡಿ, ಸುಮ್ಮನೆ ತಮಾಷೆಗೆ ಇಟ್ಟಿದ್ದು. 100 ಡಾಲರನ್ನ ಗೆದ್ದವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಕೊಟ್ಟುಬಿಟ್ಟರು. 600 ಜನಕ್ಕೆ ಹಂಚಿದ್ದರೆ ತಲೆಗೆ 17 ಸೆಂಟ್ ಕೂಡ ಬರ್ತಿರಲಿಲ್ಲ.

ಹಾಗಿದ್ದರೆ ಜನ ಯಾಕೆ ಬರ್ತಾರೆ? ಮುಂದಿನ ಕಥೆ ಅದೇ.

1999ರಲ್ಲಿ ಸೆಟಿ ಅಟ್ ಹೋಮ್ ಬಂತು. ಅನ್ಯಗ್ರಹ ಜೀವಿಗಳ ಸಂಕೇತ ಹುಡುಕೋಕೆ ಮನೆಮನೆಯ ಕಂಪ್ಯೂಟರ್ ಬಳಸಿದ ಯೋಜನೆ. ಅದನ್ನ ನಡೆಸಿದ ಬರ್ಕ್ಲಿ ತಂಡವೇ ಆಮೇಲೆ ಬಾಯಿಂಕ್ ಅನ್ನೋ ಸಾಫ್ಟ್‌ವೇರ್ ಮಾಡ್ತು. ಯಾವ ವಿಜ್ಞಾನ ಯೋಜನೆ ಬೇಕಾದರೂ ಅದರ ಮೇಲೆ ಓಡಬಹುದು. ನೀವು ಮಾಡಿದ ಕೆಲಸಕ್ಕೆ 'ಕ್ರೆಡಿಟ್' ಸಿಗುತ್ತೆ. ನಾನು ಕಾಮರ್ಸ್ ಓದಿದವನು, ಕ್ರೆಡಿಟ್ ಅಂದ ಕೂಡಲೇ ಲೆಡ್ಜರ್ ನೆನಪಾಗುತ್ತೆ. ಆದರೆ ಈ ಕ್ರೆಡಿಟ್‌ನಿಂದ ಒಂದು ಕಪ್ ಟೀ ಕೂಡ ಬರಲ್ಲ. ಉಲ್ಟಾ ಕರೆಂಟ್ ಬಿಲ್ ನಿಮ್ಮದೇ. ಆದರೂ ಜನ ತಂಡ ಕಟ್ಟಿದರು. ದೇಶದ ಹೆಸರಲ್ಲಿ, ಭಾಷೆಯ ಹೆಸರಲ್ಲಿ, ಕಂಪ್ಯೂಟರ್ ಹುಚ್ಚಿನ ಹೆಸರಲ್ಲಿ.

2010ರಿಂದ ಸೆಟಿ ಜರ್ಮನಿ ಅನ್ನೋ ತಂಡ ಪ್ರತಿ ವರ್ಷ ಬಾಯಿಂಕ್ ಪೆಂಟಾಥ್ಲಾನ್ ನಡೆಸಿಕೊಂಡು ಬಂದಿದೆ. ಎರಡು ವಾರ, ಐದು ಸ್ಪರ್ಧೆ. ಮ್ಯಾರಥಾನ್, ಸ್ಪ್ರಿಂಟ್ ಅಂತ ಅಥ್ಲೆಟಿಕ್ಸ್ ಹೆಸರು. ಓಡೋದು ಮಾತ್ರ ಪ್ರೊಸೆಸರ್. ಇದರಲ್ಲಿ 'ಬಂಕರ್' ಅನ್ನೋ ತಂತ್ರ ಇದೆ. ಮುಗಿಸಿದ ಲೆಕ್ಕಗಳನ್ನ ತಕ್ಷಣ ಕಳಿಸದೆ ಕೂಡಿಟ್ಟುಕೊಳ್ಳೋದು, ಎದುರಾಳಿ ನಿಶ್ಚಿಂತೆಯಿಂದ ಇದ್ದಾಗ ಒಮ್ಮೆಲೇ ಸುರಿಯೋದು. ಗೋದಾಮಿನಲ್ಲಿ ಸರಕು ಬಚ್ಚಿಟ್ಟು ಹಬ್ಬದ ದಿನ ಹೊರತೆಗೆದ ವ್ಯಾಪಾರಿ ಥರ.

ಅಪವರ್ತನಕ್ಕೇ ಮೀಸಲಾದ ಯೋಜನೆಯೂ ಇದೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಶುರುವಾದ ಎನ್‌ಎಫ್‌ಎಸ್ ಅಟ್ ಹೋಮ್. ಕನಿಂಗ್‌ಹ್ಯಾಮ್ ಮತ್ತು ವುಡಾಲ್ 1925ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಪವರ್ತನ ಕೋಷ್ಟಕದ ಕೆಲಸವನ್ನ ಇದು ಮುಂದುವರಿಸುತ್ತೆ. 2ರ 1061ನೇ ಘಾತದಿಂದ 1 ಕಳೆದರೆ 320 ಅಂಕಿಯ ಸಂಖ್ಯೆ ಬರುತ್ತೆ. ಅದನ್ನ 2012ರಲ್ಲಿ ಒಡೆದದ್ದು ಇದೇ ಯೋಜನೆ.

ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಒಂದಿದೆ. ಪಾಯಿಂಟ್ಸ್ ಆಸೆಗೆ ಯಾರೋ ಸುಳ್ಳು ಲೆಕ್ಕ ಕಳಿಸಿದರೂ ಕೊನೆಯ ಉತ್ತರ ಸುಳ್ಳಾಗೋಕೆ ಆಗಲ್ಲ. ಎರಡು ಸಂಖ್ಯೆ ಗುಣಿಸಿ ನೋಡಿ, ಸರಿ ಬಂತೋ ಇಲ್ವೋ, ಅಷ್ಟೇ. ಟ್ಯಾಲಿ ಆಗೋಕೆ ಆಡಿಟರ್ ಬೇಡ.

ಈಗ ಮುಖ್ಯ ಪ್ರಶ್ನೆ. ಇಷ್ಟೆಲ್ಲ ಕರೆಂಟ್ ಸುಟ್ಟು ಏನು ಉಪಯೋಗ? 2009ರ ಘಟನೆ ಕೇಳಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಕ್ಯಾಲ್ಕುಲೇಟರ್‌ಗಳಲ್ಲಿ ಕಂಪನಿ ಒಪ್ಪಿದ ಆಪರೇಟಿಂಗ್ ಸಿಸ್ಟಂ ಮಾತ್ರ ಓಡಲಿ ಅಂತ 512 ಬಿಟ್‌ನ ಆರ್‌ಎಸ್‌ಎ ಬೀಗ ಇತ್ತು. ಅಂದರೆ ಸುಮಾರು 155 ಅಂಕಿ. ಅಂಥ ಬೀಗ ಒಡೆಯುತ್ತೆ ಅಂತ ಸಂಶೋಧಕರು 1999ರಲ್ಲೇ ತೋರಿಸಿದ್ದರು. ಹತ್ತು ವರ್ಷ ಆದಮೇಲೆ ಒಬ್ಬ ಹವ್ಯಾಸಿ ಒಂದೇ ಒಂದು ಸಾಧಾರಣ ಪಿಸಿಯಲ್ಲಿ 73 ದಿನದಲ್ಲಿ ಒಂದು ಕೀಲಿ ಒಡೆದ. ಉಳಿದ ಕೀಲಿಗಳನ್ನ ಸ್ವಯಂಸೇವಕರು ಹಂಚಿಕೊಂಡು ಕೆಲವೇ ವಾರಗಳಲ್ಲಿ ಮುಗಿಸಿದರು. ಕಂಪನಿ ಕಾಪಿರೈಟ್ ಕಾನೂನಿನಡಿ ನೋಟಿಸ್ ಕಳಿಸ್ತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಹವ್ಯಾಸಿಗಳ ಪರ ನಿಂತಿತು. ತಾನು ಕಾಸು ಕೊಟ್ಟು ಕೊಂಡ ಕ್ಯಾಲ್ಕುಲೇಟರ್‌ನಲ್ಲಿ ತನಗೆ ಬೇಕಾದ ಪ್ರೋಗ್ರಾಂ ಹಾಕೋ ಹಕ್ಕು ಯಾರದು? ಜಗಳ ಇದ್ದದ್ದು ಅಲ್ಲಿ.

ಇನ್ನೊಂದು ಪಾಠವೂ ಇದೆ. ಬೀಗ ಎಷ್ಟು ಗಟ್ಟಿ ಅಂತ ಮಾಡಿದವರ ಮಾತಿನಿಂದ ಗೊತ್ತಾಗಲ್ಲ. ಒಡೆಯೋಕೆ ನೋಡಿದವರಿಂದ ಗೊತ್ತಾಗುತ್ತೆ. ಅದನ್ನ ಕಳ್ಳರು ಗುಟ್ಟಾಗಿ ಮಾಡಿದರೆ ನಮಗೆ ತಿಳಿಯೋದು ದುಡ್ಡು ಹೋದಮೇಲೆ. ಸಂಶೋಧಕರು, ಹವ್ಯಾಸಿಗಳು ಬಹಿರಂಗವಾಗಿ ಮಾಡಿ ಫಲಿತಾಂಶ ಪ್ರಕಟಿಸಿದ್ದಕ್ಕೇ 512 ಬಿಟ್ ಸಾಲದು, 1024 ಕೂಡ ಸಾಲದು ಅಂತ ಜಗತ್ತು ಒಪ್ಪಿಕೊಳ್ತು. ಇವತ್ತು ಆರ್‌ಎಸ್‌ಎ ಬಳಸೋ ವೆಬ್‌ಸೈಟ್‌ಗಳಲ್ಲಿ ಕನಿಷ್ಠ 2048 ಬಿಟ್, ಅಂದರೆ 617 ಅಂಕಿ. 2020ರಲ್ಲಿ ಸಂಶೋಧಕರು ಒಡೆದ ದಾಖಲೆಯ ಸಂಖ್ಯೆಗೆ 250 ಅಂಕಿ. ನಡುವೆ ಇರೋ ಆ ಅಂತರದಲ್ಲೇ ನಮ್ಮ ಪಾಸ್‌ವರ್ಡ್‌ಗಳು ನೆಮ್ಮದಿಯಾಗಿ ಮಲಗಿವೆ.

ಆ ಅಂತರವನ್ನ ಅಳೆದುಕೊಟ್ಟವರಲ್ಲಿ ರಾತ್ರಿ ಕಂಪ್ಯೂಟರ್ ಆಫ್ ಮಾಡದೆ ಬಿಟ್ಟ, ಹೆಸರು ಗೊತ್ತಿಲ್ಲದ ಸಾವಿರಾರು ಜನ ಇದ್ದಾರೆ. ಪಕ್ಕದ ತಂಡಕ್ಕಿಂತ ನಾಲ್ಕು ಪಾಯಿಂಟ್ ಜಾಸ್ತಿ ಬರಲಿ ಅನ್ನೋದಷ್ಟೇ ಅವರಲ್ಲಿ ಎಷ್ಟೋ ಜನರ ಆಸೆ.

ಈ ಸಂಚಿಕೆ ಇಷ್ಟವಾದರೆ ಗಣಿತ ಅಂದರೆ ಓಡಿಹೋಗೋ ಒಬ್ಬ ಗೆಳೆಯನಿಗೆ ಕಳಿಸಿ. ಮುಂದಿನ ವಾರ ಸಿಗೋಣ.